ಕುಡಿತದ ವಂಶವಾಹಿ ಮತ್ತು ಲೆಕ್ಕಕ್ಕೆ ಬಾರದ ಜನ

ಕುಡುಕನ ಮಗ ಕುಡುಕನೇ ಆಗುತ್ತಾನೆಂಬ ಮಾತು ಹಳ್ಳಿಯ ಜಗಲಿಯಲ್ಲೂ ಕೇಳಿಬರುತ್ತದೆ, ವೈದ್ಯರ ಕೋಣೆಯಲ್ಲೂ ಕೇಳಿಬರುತ್ತದೆ. ನೂಲಿನಂತೆ ಸೀರೆ ಎಂದು ಗಾದೆ ಹೇಳಿ ಎದ್ದುಹೋಗುವವರಿಗೆ ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ. ಆದರೆ ಮಗ ಅಪ್ಪನಿಂದ ಪಡೆದದ್ದು ರಕ್ತವನ್ನೋ, ದಿನವೂ ಕಣ್ಣೆದುರಿಗಿದ್ದ ಬಾಟಲಿಯನ್ನೋ ಎಂದು ಬೇರ್ಪಡಿಸಿ ನೋಡುವುದು ಅಷ್ಟು ಸುಲಭವಲ್ಲ. ಅದನ್ನು ಬೇರ್ಪಡಿಸುವ ಒಂದು ಉಪಾಯ ದತ್ತು ಹೋದ ಮಕ್ಕಳಲ್ಲಿ ಸಿಕ್ಕಿತು. ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು 1973ರಲ್ಲಿ ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹಿಡಿದು, ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆ ಸೇರಿದ ಗಂಡುಮಕ್ಕಳನ್ನು ಹುಡುಕಿದರು. ಹೆತ್ತವರು ಮದ್ಯವ್ಯಸನಿಗಳಾಗಿದ್ದ ಮಕ್ಕಳಲ್ಲಿ, ಅವರನ್ನು ಕಾಣದೆಯೇ ಬೆಳೆದರೂ, ವ್ಯಸನ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಮುಂದೆ ಅವಳಿ ಮಕ್ಕಳ ಅಧ್ಯಯನಗಳು ಬಂದವು. ವ್ಯಸನದ ಅಪಾಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಅರ್ಧದಷ್ಟಕ್ಕೆ ವಂಶವಾಹಿಗಳು ಕಾರಣ, ಉಳಿದರ್ಧಕ್ಕೆ ಬದುಕಿನ ಸನ್ನಿವೇಶ ಕಾರಣ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಲೆಕ್ಕ.

ಈ ಲೆಕ್ಕ ಯಾರದ್ದು? ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್, ಅಮೆರಿಕದ ಬಿಳಿಯ ಕುಟುಂಬಗಳು. ಹೀಗಾದದ್ದರಲ್ಲಿ ದುರುದ್ದೇಶವೇನೂ ಇರಲಿಲ್ಲ. ದತ್ತು ಹೋದವರ, ಅವಳಿಗಳ, ಆಸ್ಪತ್ರೆಗೆ ಬಂದವರ ಹೆಸರುಗಳನ್ನು ತಲೆಮಾರುಗಟ್ಟಲೆ ಬರೆದಿಟ್ಟ ದೇಶಗಳು ಅವೇ. ದೀಪದ ಬೆಳಕಿದ್ದ ಕಡೆ ಸೂಜಿ ಹುಡುಕಿದರು. ಆದರೆ ಅಲ್ಲಿ ಸಿಕ್ಕಿದ್ದು ಮನುಷ್ಯಕುಲಕ್ಕೆಲ್ಲ ಸಲ್ಲುತ್ತದೆ ಎಂದುಕೊಂಡಾಗ ತೊಡಕು ಶುರುವಾಯಿತು. ಅಲ್ಲಿ ಸಿಗದೆಹೋದದ್ದು ಎಲ್ಲಿಯೂ ಇಲ್ಲ ಎಂದುಕೊಂಡಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು.

ಏಕೆಂದರೆ ಮದ್ಯವ್ಯಸನದ ವಿಷಯದಲ್ಲಿ ಇಲ್ಲಿಯವರೆಗೆ ಗೊತ್ತಾಗಿರುವ ವಂಶವಾಹಿಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದ ಪರಿಣಾಮ ಬೀರುವ ರೂಪಭೇದ ಯೂರೋಪಿಯನ್ನರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಅದು ಜಪಾನ್, ಚೀನ, ಕೊರಿಯಾ, ತೈವಾನ್‌ಗಳ ಸ್ವತ್ತು.

ಅಲ್ಲಿಯ ಅನೇಕರಿಗೆ ಅರ್ಧ ಲೋಟ ಬಿಯರ್ ಒಳಗೆ ಹೋದರೆ ಸಾಕು, ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಇದು ಸಂಕೋಚ ಸ್ವಭಾವದ ಫಲವೆಂದೂ ಅಭ್ಯಾಸವಿಲ್ಲದ್ದರ ಫಲವೆಂದೂ ಹೇಳುವವರಿದ್ದರು. ಪೀಟರ್ ವುಲ್ಫ್ ಎಂಬ ವಿಜ್ಞಾನಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದೊಡ್ಡವರ ಜೊತೆಗೆ ಎಳೆ ಮಕ್ಕಳನ್ನೂ ಪರೀಕ್ಷಿಸಲಾಗಿತ್ತು. ಅತಿ ಸ್ವಲ್ಪ ಮದ್ಯಸಾರಕ್ಕೆ ಜಪಾನೀ, ತೈವಾನೀ, ಕೊರಿಯನ್ ಮೂಲದವರ ಮುಖ ಕೆಂಪಾಯಿತು, ಬಿಳಿಯರಲ್ಲಿ ಬಹುತೇಕ ಏನೂ ಆಗಲಿಲ್ಲ. ಕೂಸಿಗೆ ಸಂಕೋಚವೆಲ್ಲಿಯದು, ಅಭ್ಯಾಸವೆಲ್ಲಿಯದು? (ಇಂದಿನ ಯಾವ ನೈತಿಕ ಸಮಿತಿಯೂ ಇಂಥ ಪ್ರಯೋಗಕ್ಕೆ ಸುಲಭವಾಗಿ ಅನುಮತಿ ಕೊಡದು ಎಂಬುದು ಬೇರೆ ಮಾತು.)

ಕಾರಣ ಯಕೃತ್ತಿನಲ್ಲಿತ್ತು. ಮದ್ಯಸಾರ ದೇಹದಲ್ಲಿ ಎರಡು ಹಂತಗಳಲ್ಲಿ ಕರಗುತ್ತದೆ. ಮೊದಲ ಕಿಣ್ವ ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷಕರ ವಸ್ತುವಾಗಿ ಮಾರ್ಪಡಿಸುತ್ತದೆ. ಎರಡನೆಯ ಕಿಣ್ವ ಆ ವಿಷವನ್ನು ನಿರುಪದ್ರವಿ ಅಸಿಟೇಟ್ ಆಗಿಸುತ್ತದೆ. ಈ ಎರಡನೆಯದರ ಹೆಸರು ಎಎಲ್‌ಡಿಎಚ್2. ಪೂರ್ವ ಏಷ್ಯಾದ ಜನರಲ್ಲಿ ನೂರಕ್ಕೆ 30ರಿಂದ 40 ಮಂದಿಯಲ್ಲಿ ಈ ಕಿಣ್ವದ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಕಿಣ್ವ ಸೋಮಾರಿಯಾಗುತ್ತದೆ. ಮೊದಲ ಬಾಗಿಲು ತೆರೆದಿದೆ, ಎರಡನೆಯದು ಮುಚ್ಚಿದೆ; ನಡುಮನೆಯಲ್ಲಿ ವಿಷ ತುಂಬುತ್ತದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಕೆಲಸವೂ ಇದೇ. ಮಾತ್ರೆ ನುಂಗಿದವನು ಕುಡಿದರೆ ಇದೇ ಸಂಕಟ ಅನುಭವಿಸುತ್ತಾನೆ. ಆ ಜನರಿಗೆ ಪ್ರಕೃತಿಯೇ ಹುಟ್ಟಿನಿಂದ ಮಾತ್ರೆ ನುಂಗಿಸಿ ಕಳಿಸಿದೆ. ತಂದೆ ತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಪಡೆದವರಲ್ಲಿ ಮದ್ಯವ್ಯಸನಿ ಸಿಗುವುದು ತೀರಾ ಅಪರೂಪ.

ಕೋಪೆನ್‌ಹೇಗನ್, ನ್ಯೂಯಾರ್ಕ್‌ಗಳ ಕುಟುಂಬಗಳನ್ನಷ್ಟೇ ಜಾಲಾಡುತ್ತ ಕುಳಿತಿದ್ದರೆ ಇದು ಎಂದೂ ಕೈಗೆ ಸಿಗುತ್ತಿರಲಿಲ್ಲ.

ಸ್ವಾರಸ್ಯವೆಂದರೆ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಸುಸುಮು ಹಿಗುಚಿ ಮತ್ತು ಸಂಗಡಿಗರು ಜಪಾನಿನ ಮದ್ಯವ್ಯಸನಿ ರೋಗಿಗಳ ರಕ್ತ ಪರೀಕ್ಷಿಸಿ 1994ರಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಬದಲಾದ ರೂಪದ ಒಂದು ಪ್ರತಿ ಹೊಂದಿದ್ದವರು 1979ರಲ್ಲಿ ಆ ರೋಗಿಗಳ ಪೈಕಿ ನೂರಕ್ಕೆ 2.5 ಇದ್ದರು, 1986ರಲ್ಲಿ 8, 1992ರಲ್ಲಿ 13. ಹದಿಮೂರು ವರ್ಷಗಳಲ್ಲಿ ಒಂದು ಜನಾಂಗದ ವಂಶವಾಹಿ ಬದಲಾಗದು. ಬದಲಾದದ್ದು ಜಪಾನ್. ಕಚೇರಿ ಮುಗಿದ ಮೇಲೆ ಮೇಲಧಿಕಾರಿಯ ಜೊತೆ ಕುಡಿಯಲೇಬೇಕಾದ ಸಂಪ್ರದಾಯ, ಕೈಯಲ್ಲಿ ಹೆಚ್ಚಿದ ಹಣ, ಎಲ್ಲೆಂದರಲ್ಲಿ ಸಿಗುವ ಮದ್ಯ ಇವೆಲ್ಲ ಸೇರಿ ದೇಹ ಬೇಡವೆಂದರೂ ಕುಡಿಯುವಂತೆ ಮಾಡಿದವು. ಪ್ರಕೃತಿ ಕಟ್ಟಿದ ಒಡ್ಡನ್ನು ಸಮಾಜ ಒಡೆಯಿತು. ಒಡೆದದ್ದಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು: ಒಂದು ಪ್ರತಿ ಹೊಂದಿದ್ದೂ ಕುಡಿಯುತ್ತ ಹೋಗುವವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚು. ಕುಡಿದಾಗ ಮುಖ ಕೆಂಪಾಗುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ ವೈದ್ಯರು ಇಂಥವರನ್ನು ಮೊದಲೇ ಎಚ್ಚರಿಸಬಹುದು. ಪೂರ್ವ ಏಷ್ಯಾದ ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದರಿಂದ ಆದ ಲಾಭ ಇದು. ಜೀವ ಉಳಿಸುವ ಲಾಭ.

ಬೇರೆ ಬೇರೆ ಜನರನ್ನು ಸೇರಿಸಿದರಷ್ಟೇ ಸಾಲದು, ಲೆಕ್ಕ ಹಾಕುವಾಗ ಯಾರು ಯಾರೆಂಬ ಎಚ್ಚರವೂ ಬೇಕು. 1990ರಲ್ಲಿ ಅಮೆರಿಕದ ಪತ್ರಿಕೆಗಳು ಮದ್ಯವ್ಯಸನದ ವಂಶವಾಹಿ ಸಿಕ್ಕೇಬಿಟ್ಟಿತೆಂದು ಸಂಭ್ರಮಿಸಿದವು. ಕೆನೆತ್ ಬ್ಲಮ್, ಅರ್ನೆಸ್ಟ್ ನೋಬಲ್ ಮತ್ತು ಸಂಗಡಿಗರು ಸತ್ತವರ 70 ಮಿದುಳುಗಳನ್ನು ಪರೀಕ್ಷಿಸಿದ್ದರು. 35 ವ್ಯಸನಿಗಳವು, 35 ವ್ಯಸನಿಗಳಲ್ಲದವರವು. ಡೋಪಮೀನ್ ಗ್ರಾಹಕದ ವಂಶವಾಹಿಯ ಬಳಿಯ ಎ1 ಎಂಬ ರೂಪ ವ್ಯಸನಿಗಳಲ್ಲಿ ನೂರಕ್ಕೆ 69 ಮಂದಿಯಲ್ಲಿತ್ತು, ಉಳಿದವರಲ್ಲಿ ನೂರಕ್ಕೆ 20ರಲ್ಲಿ ಮಾತ್ರ. ಬೇರೆಯವರು ಮತ್ತೆ ಮಾಡಿ ನೋಡಿದಾಗ ಒಮ್ಮೆ ಹೌದೆಂದೂ ಹಲವು ಬಾರಿ ಇಲ್ಲವೆಂದೂ ಫಲಿತಾಂಶ ಬಂತು. ಜೋಯಲ್ ಗೆಲೆರ್ಂಟರ್, ಡೇವಿಡ್ ಗೋಲ್ಡ್‌ಮನ್, ನೀಲ್ ರಿಶ್ 1993ರಲ್ಲಿ ಎಲ್ಲವನ್ನೂ ಒಟ್ಟಿಗೆ ತೂಗಿ, ಈ ಗೊಂದಲಕ್ಕೆ ಒಂದು ದೊಡ್ಡ ಕಾರಣ ಜನಸಮುದಾಯಗಳ ವ್ಯತ್ಯಾಸವಿರಬಹುದು ಎಂದು ತೋರಿಸಿದರು. ಎ1 ರೂಪ ಒಂದು ಸಮುದಾಯಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ಏರಿಳಿಯುತ್ತದೆ. ವ್ಯಸನಿಗಳ ಗುಂಪಿನಲ್ಲಿ ಒಂದು ಮೂಲದವರು, ಹೋಲಿಕೆಯ ಗುಂಪಿನಲ್ಲಿ ಇನ್ನೊಂದು ಮೂಲದವರು ಹೆಚ್ಚಾಗಿ ಬಂದುಬಿಟ್ಟರೆ, ಅಳೆಯುವುದು ಕುಡಿತವನ್ನಲ್ಲ, ಪೂರ್ವಜರ ಊರನ್ನು.

ಹಳೆಯ ಸಂಗತಿಯಲ್ಲವೆ ಎಂದು ಯಾರಾದರೂ ಕೇಳಬಹುದು. ಅಲೆಕ್ಸಾಂಡರ್ ಹಟೂಮ್ ಮತ್ತು ಸಂಗಡಿಗರು 2021ರಲ್ಲಿ ಅಫೀಮು ಜಾತಿಯ ಮದ್ದುಗಳ ಚಟವನ್ನು ಮುಂಗಾಣುತ್ತವೆಂದು ಹೇಳಲಾಗುತ್ತಿದ್ದ ಕೆಲವು ವಂಶವಾಹಿ ರೂಪಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದರು. ಅವು ಚಟವನ್ನು ಗುರುತಿಸುವುದಕ್ಕಿಂತ ಚೆನ್ನಾಗಿ ಆ ವ್ಯಕ್ತಿಯ ಪೂರ್ವಜರು ಯಾವ ಖಂಡದವರೆಂಬುದನ್ನು ಗುರುತಿಸಿದವು. ಮೂವತ್ತು ವರ್ಷ ಕಳೆದರೂ ತಪ್ಪು ಅದೇ.

ಸರಿಯಾಗಿ ಮಾಡಿದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 1989ರಲ್ಲಿ ಅಮೆರಿಕದಲ್ಲಿ ಹೆನ್ರಿ ಬೆಗ್‌ಲೈಟರ್, ಥಿಯೋಡರ್ ರೈಕ್ ಮೊದಲಾದವರ ಮುಂದಾಳತ್ವದಲ್ಲಿ ಕೋಗಾ ಎಂಬ ದೊಡ್ಡ ಅಧ್ಯಯನ ಶುರುವಾಯಿತು. ಮದ್ಯವ್ಯಸನಿಗಳು ಹೆಚ್ಚಾಗಿರುವ ಕುಟುಂಬಗಳನ್ನು ಹಿಡಿದು ಹೊರಟ ಇದರಲ್ಲಿ ಬಿಳಿಯರೇ ಬಹುಸಂಖ್ಯಾತರು, ಕರಿಯರ ಕುಟುಂಬಗಳೂ ಇದ್ದವು. 1998ರಲ್ಲಿ ಅದರ ವರದಿ ಬಂತು. ಅದೇ ವರ್ಷ ನೈಋತ್ಯ ಅಮೆರಿಕದ ಒಂದು ಆದಿವಾಸಿ ಸಮುದಾಯದ ಮೇಲೆ ಜೆಫ್ರಿ ಲಾಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ ಪ್ರಕಟವಾಯಿತು. ಇವೆರಡೂ ಬೇರೆ ಬೇರೆ ಜನ, ಬೇರೆ ಬೇರೆ ತಂಡ. ಆದರೂ ಎರಡರ ಬೆರಳೂ ನಾಲ್ಕನೆಯ ವರ್ಣತಂತುವಿನ ಒಂದೇ ಜಾಗದತ್ತ ತೋರಿತು: ಮದ್ಯಸಾರ ಕರಗಿಸುವ ಮೊದಲ ಕಿಣ್ವದ ವಂಶವಾಹಿಗಳಿರುವ ಬೀದಿ.

ಆ ಬೀದಿಯಲ್ಲಿ ಮನೆ ಒಂದೇ, ಬಾಗಿಲುಗಳು ಬೇರೆ. ಎಡಿಎಚ್1ಬಿ ಎಂಬ ವಂಶವಾಹಿಯ ಒಂದು ರೂಪ ಪೂರ್ವ ಏಷ್ಯಾದಲ್ಲಿ ಬಹುಸಂಖ್ಯಾತರಲ್ಲಿದೆ, ಯಹೂದಿಗಳಲ್ಲೂ ಗಣನೀಯ, ಇತರ ಯೂರೋಪಿಯನ್ನರಲ್ಲಿ ಅಪರೂಪ. ಆಫ್ರಿಕ ಮೂಲದವರಲ್ಲಿ ಅದೇ ವಂಶವಾಹಿಯ ಇನ್ನೊಂದೇ ಜಾಗದಲ್ಲಿ ಬದಲಾವಣೆಯಾಗಿದೆ. ಎರಡೂ ವ್ಯಸನದಿಂದ ಒಂದಿಷ್ಟು ರಕ್ಷಣೆ ಕೊಡುತ್ತವೆ. 2018ರಲ್ಲಿ ಪ್ರಕಟವಾದ, 14,904 ವ್ಯಸನಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನ ಯೂರೋಪ್ ಮೂಲದವರಲ್ಲಿ ಮೊದಲ ರೂಪವನ್ನೂ ಆಫ್ರಿಕ ಮೂಲದವರಲ್ಲಿ ಎರಡನೆಯದನ್ನೂ ಖಚಿತಪಡಿಸಿತು. ಯೂರೋಪಿಯನ್ನರ ರೂಪವನ್ನಷ್ಟೇ ಹುಡುಕುವ ಪರೀಕ್ಷೆಯನ್ನು ಷಿಕಾಗೋದ ಕರಿಯ ರೋಗಿಯೊಬ್ಬನಿಗೆ ಮಾಡಿದರೆ, ಅವನಲ್ಲಿ ರಕ್ಷಣೆಯಿದ್ದರೂ ಇಲ್ಲವೆಂದೇ ಬರೆದುಕೊಡುತ್ತದೆ.

ಇಲ್ಲಿ ಜನಾಂಗ ಎಂಬ ಪದದ ಬಗ್ಗೆ ತುಸು ನಿಲ್ಲಬೇಕು. ಅಮೆರಿಕದ ಅರ್ಜಿ ನಮೂನೆಗಳಲ್ಲಿ ಏಷ್ಯನ್ ಎಂಬ ಒಂದು ಚೌಕವಿದೆ. ಒಸಾಕಾದಿಂದ ಹೋದವರೂ ದಾವಣಗೆರೆಯಿಂದ ಹೋದವರೂ ಅದರಲ್ಲೇ ಗುರುತು ಹಾಕಬೇಕು. ಎಎಲ್‌ಡಿಎಚ್2ರ ಬದಲಾದ ರೂಪ ಜಪಾನೀಯರಲ್ಲಿ ಮನೆಮಾತು, ಭಾರತೀಯರಲ್ಲಿ ಬಹುಪಾಲು ಅಪರೂಪ. ಚೌಕ ಒಂದೇ ಎಂದು ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಇಬ್ಬರಿಗೂ ಸಲ್ಲದ ಸಂಖ್ಯೆ. ಅಷ್ಟೇ ಏಕೆ, 1970ರ ಅಮೆರಿಕನ್ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರೆಂದು ಎಣಿಸಲಾಗಿತ್ತು. 1980ರಲ್ಲಿ ಏಷ್ಯನ್ ಗುಂಪಿಗೆ ಸೇರಿಸಲಾಯಿತು. ಆ ಹತ್ತು ವರ್ಷಗಳಲ್ಲಿ ಅಲ್ಲಿದ್ದ ಕನ್ನಡಿಗರ ವಂಶವಾಹಿಯಲ್ಲಿ ಏನೂ ಆಗಿರಲಿಲ್ಲ. ಸರ್ಕಾರದ ಚೌಕಗಳು ಹಕ್ಕು, ಹಣ, ಪ್ರಾತಿನಿಧ್ಯಗಳ ಲೆಕ್ಕಕ್ಕೆ ಹುಟ್ಟಿದವು, ರಕ್ತದ ಲೆಕ್ಕಕ್ಕಲ್ಲ. ಅಮೆರಿಕದ ಸಂಸತ್ತು 1993ರಲ್ಲಿ ಸರ್ಕಾರಿ ಹಣದ ವೈದ್ಯಕೀಯ ಸಂಶೋಧನೆಯಲ್ಲಿ ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ಸೇರಿಸಬೇಕೆಂದು ಕಾಯಿದೆ ಮಾಡಿತು. ಒಳ್ಳೆಯ ಕಾಯಿದೆ, ಆದರೆ ಚೌಕಗಳು ತುಂಬಿದವೆಂದರೆ ವಿಜ್ಞಾನ ಮುಗಿಯಿತೆಂದು ಕೈತೊಳೆದುಕೊಳ್ಳುವವರಿಗೆ ಅದೇ ನೆಪವೂ ಆಗಬಹುದು.

ಹಾಗಾದರೆ ಎಲ್ಲರನ್ನೂ ಕರೆದು ರಕ್ತ ತೆಗೆದುಕೊಳ್ಳಬಾರದೇಕೆ? ಕರೆದರೂ ಬಾರದವರಿದ್ದಾರೆ, ಬಾರದಿರಲು ಅವರಿಗೆ ಕಾರಣಗಳಿವೆ. ಅಮೆರಿಕದ ಆದಿವಾಸಿಗಳ ವಿಷಯದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ನಿಜ.

ಬಿಳಿಯ ವರ್ತಕರು ತುಪ್ಪುಳು ಚರ್ಮಕ್ಕೆ ಬದಲಾಗಿ ಹೆಂಡ ಕೊಟ್ಟು ಅಭ್ಯಾಸ ಮಾಡಿಸಿದರು. ಆಮೇಲೆ, ಇವರ ರಕ್ತವೇ ಹೆಂಡವನ್ನು ತಾಳದು ಎಂಬ ಕಥೆ ಕಟ್ಟಲಾಯಿತು. 1832ರಲ್ಲಿ ಅಮೆರಿಕದ ಸಂಸತ್ತು ಆದಿವಾಸಿಗಳಿಗೆ ಮದ್ಯ ಮಾರುವುದನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1953ರಲ್ಲಿ. ನೂರಿಪ್ಪತ್ತು ವರ್ಷ ಕಾನೂನೇ ಇವರು ಬೇರೆ ಜಾತಿಯ ದೇಹಗಳು ಎಂದು ಸಾರುತ್ತಿದ್ದಂತಾಯಿತು. 1971ರಲ್ಲಿ ಕೆನಡಾದ ಒಂದು ಅಧ್ಯಯನ ಆದಿವಾಸಿಗಳ ದೇಹ ಮದ್ಯಸಾರವನ್ನು ನಿಧಾನವಾಗಿ ಕರಗಿಸುತ್ತದೆ ಎಂದಿತು. ಹೋಲಿಸಿದ ಗುಂಪುಗಳೇ ಸಮನಾಗಿರಲಿಲ್ಲ ಎಂಬ ಟೀಕೆ ಬಂತು. ಬೆನಿಯನ್ ಮತ್ತು ಲೀ ಎಂಬಿಬ್ಬರು 1976ರಲ್ಲಿ ಹೆಚ್ಚು ಎಚ್ಚರದಿಂದ ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಕಥೆಗೆ ಕಾಲು ಬಲ, ಅಳತೆಗೆ ಅಷ್ಟಿಲ್ಲ. ಆ ಕಥೆ ಇಂದಿಗೂ ಓಡಾಡುತ್ತಿದೆ. ಆದಿವಾಸಿ ಸಮುದಾಯಗಳು ನೂರಾರು. ಕೆಲವದರಲ್ಲಿ ಕುಡಿತ ವಿಪರೀತ, ಕೆಲವದರಲ್ಲಿ ಕುಡಿಯದೆ ಇರುವವರೇ ಬಹಳ. ಅವರೆಲ್ಲರಿಗೂ ಒಂದೇ ರಕ್ತದೋಷ ಅಂಟಿಸುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

1979ರಲ್ಲಿ ಅಲಾಸ್ಕದ ಉತ್ತರ ತುದಿಯ ಬ್ಯಾರೋ ಊರಿನಲ್ಲಿ (2016ರಿಂದ ಅದರ ಹೆಸರು ಉಟ್ಕಿಯಾಗ್ವಿಕ್) ಇನುಪಿಯಾಟ್ ಜನರ ಕುಡಿತದ ಅಧ್ಯಯನ ನಡೆಯಿತು. ಅದು ವಂಶವಾಹಿಯ ಅಧ್ಯಯನವಲ್ಲ. ಪ್ರಶ್ನೆ ಕೇಳಿ ಬರೆದುಕೊಂಡದ್ದು. ಊರಿನ ಆಡಳಿತವೇ ಬಯಸಿ ಮಾಡಿಸಿದ್ದು ಕೂಡ. ಆದರೆ ಸಂಶೋಧಕರು 1980ರ ಜನವರಿಯಲ್ಲಿ ಸಾವಿರಾರು ಮೈಲಿ ದೂರದ ಫಿಲಡೆಲ್ಫಿಯಾದಲ್ಲಿ ಪತ್ರಿಕಾಗೋಷ್ಠಿ ಕರೆದು ಫಲಿತಾಂಶ ಸಾರಿದರು. ನ್ಯೂಯಾರ್ಕ್ ಟೈಮ್ಸ್ ಸೇರಿದಂತೆ ಪತ್ರಿಕೆಗಳಲ್ಲಿ ಒಂದು ಊರಿಗೆ ಊರೇ ಕುಡುಕರದೆಂಬ ಚಿತ್ರ ಬಂತು. ಊರಿನವರು ಸಹಾಯ ಕೇಳಿದ್ದರು, ಸಿಕ್ಕಿದ್ದು ಅಪಕೀರ್ತಿ. ಸಂಶೋಧನೆಯ ನೀತಿಯ ಪಾಠಗಳಲ್ಲಿ ಬ್ಯಾರೋ ಇಂದಿಗೂ ಉದಾಹರಣೆ.

ಅರಿಜೋನಾದ ಹವಾಸುಪಾಯಿ ಜನರದು ಇನ್ನೊಂದು ಕಹಿ. ತಮ್ಮಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿದ್ದುದರಿಂದ ಅವರು 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು. ಆ ರಕ್ತ ಮನೋರೋಗ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಇವುಗಳ ಅಧ್ಯಯನಕ್ಕೂ ಬಳಕೆಯಾಯಿತು. ತಾವು ಈ ಕಣಿವೆಯಲ್ಲೇ ಹುಟ್ಟಿದವರೆಂದು ನಂಬಿದ ಜನಕ್ಕೆ, ನೀವು ಏಷ್ಯಾದಿಂದ ಬಂದವರು ಎಂದು ಅವರದೇ ರಕ್ತದಿಂದ ಹೇಳಿದಂತಾಯಿತು. ಮೊಕದ್ದಮೆ ನಡೆದು 2010ರಲ್ಲಿ 41 ಮಂದಿಗೆ ಒಟ್ಟು 7 ಲಕ್ಷ ಡಾಲರು ಪರಿಹಾರ ಕೊಟ್ಟು ರಾಜಿಯಾಯಿತು, ಉಳಿದ ರಕ್ತದ ಮಾದರಿಗಳನ್ನು ಹಿಂದಿರುಗಿಸಲಾಯಿತು. ನವಾಹೋ ಜನ 2002ರಲ್ಲೇ ತಮ್ಮ ನಾಡಿನಲ್ಲಿ ವಂಶವಾಹಿ ಸಂಶೋಧನೆಗೆ ತಡೆ ಹಾಕಿದ್ದರು. ಇದನ್ನು ಮೂಢನಂಬಿಕೆ ಎನ್ನುವುದು ತಪ್ಪು. ಅದು ಅನುಭವ ಕಲಿಸಿದ ಜಾಣತನ. 1998ರ ಲಾಂಗ್ ಅಧ್ಯಯನದ ವರದಿಯಲ್ಲಿ ಆ ಸಮುದಾಯದ ಹೆಸರು ಇಲ್ಲದಿರುವುದನ್ನೂ ಕೇಳುಗರು ಗಮನಿಸಿರಬಹುದು. ಬ್ಯಾರೋದಂಥ ಅಪಕೀರ್ತಿ ಮತ್ತೊಂದು ಊರಿಗೆ ಬಾರದಿರಲು ಅಂಥ ಮರೆ ಬೇಕು.

ಹೀಗಾಗಿ ಬಿಟ್ಟುಹೋದವರು ಎರಡು ರೀತಿಯವರು: ಯಾರೂ ಕೇಳದೆ ಬಿಟ್ಟವರು, ಕೇಳಿದ ರೀತಿ ನೋಡಿ ತಾವೇ ದೂರ ಸರಿದವರು. ಒಟ್ಟು ಫಲ ಅಂಕಿಗಳಲ್ಲಿ ಕಾಣುತ್ತದೆ. ಇಡೀ ವಂಶವಾಹಿ ಸಮೂಹವನ್ನು ಜಾಲಾಡುವ ಅಧ್ಯಯನಗಳಲ್ಲಿ, ಎಲ್ಲ ಕಾಯಿಲೆಗಳನ್ನೂ ಸೇರಿಸಿದರೆ, 2009ರಲ್ಲಿ ಪಾಲುಗೊಂಡವರ ಪೈಕಿ ನೂರಕ್ಕೆ 96 ಮಂದಿ ಯೂರೋಪ್ ಮೂಲದವರು, 2016ರಲ್ಲಿ 81. ಇಂಥ ದತ್ತಾಂಶದಿಂದ ಕಟ್ಟಿದ ಅಪಾಯದ ಅಂಕಗಳನ್ನು ಆಫ್ರಿಕ ಮೂಲದವರಿಗೆ ಅನ್ವಯಿಸಿದರೆ ನಿಖರತೆ ಸುಮಾರು ನಾಲ್ಕೂವರೆ ಪಟ್ಟು ಇಳಿಯುತ್ತದೆಂದು ದೇಹದ ಹಲವು ಲಕ್ಷಣಗಳನ್ನು ಹಿಡಿದು 2019ರಲ್ಲಿ ಆಲಿಸಿಯಾ ಮಾರ್ಟಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು.

ಮದ್ಯವ್ಯಸನದ ವಿಷಯಕ್ಕೇ ಬಂದರೆ, 2023ರಲ್ಲಿ ಹಾಂಗ್ ಝೌ, ಗೆಲೆರ್ಂಟರ್ ಮತ್ತಿತರರು ಪ್ರಕಟಿಸಿದ ಅಧ್ಯಯನ ಅದುವರೆಗಿನ ಅತಿ ದೊಡ್ಡದು: 10,79,947 ಜನ. ಅಮೆರಿಕದ ಮಾಜಿ ಯೋಧರ ದತ್ತಾಂಶ ಇದರ ಬೆನ್ನೆಲುಬು. ಸೈನ್ಯದಲ್ಲಿ ಎಲ್ಲ ಬಣ್ಣದವರೂ ಇದ್ದುದರಿಂದ ವೈವಿಧ್ಯ ತಾನಾಗಿ ಬಂತು, ಆದರೆ ಹೆಂಗಸರು ಕಡಿಮೆಯಾದರು. ಯೂರೋಪ್ ಮೂಲದವರು 9,03,147. ಆಫ್ರಿಕ ಮೂಲದವರು 1,22,571. ಲ್ಯಾಟಿನ್ ಅಮೆರಿಕದವರು 38,962. ಪೂರ್ವ ಏಷ್ಯಾದವರು 13,551. ದಕ್ಷಿಣ ಏಷ್ಯಾದವರು, ಅಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಮೂಲದವರೆಲ್ಲ ಸೇರಿ, 1,716. ಪ್ರಪಂಚದ ಜನಸಂಖ್ಯೆಯ ಕಾಲುಭಾಗದಷ್ಟಿರುವವರ ಪಾಲು ಸಾವಿರಕ್ಕೆ ಎರಡೂ ಇಲ್ಲ. ಭಾರತದ ದೊಡ್ಡ ಹಳ್ಳಿಯೊಂದರಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ.

ಭಾರತದಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. ಮದ್ಯವ್ಯಸನಿ ತಂದೆಯರ ಗಂಡುಮಕ್ಕಳಲ್ಲಿ, ಅವರಿನ್ನೂ ಕುಡಿತ ಮುಟ್ಟುವ ಮೊದಲೇ, ಮಿದುಳಿನ ಪಿ300 ಎಂಬ ವಿದ್ಯುತ್ ಅಲೆ ಕುಗ್ಗಿರುತ್ತದೆ ಎಂದು ಬೆಗ್‌ಲೈಟರ್ 1984ರಲ್ಲಿ ತೋರಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನಗಲ್ ಮತ್ತು ಸಹೋದ್ಯೋಗಿಗಳು ವ್ಯಸನಿಗಳ ಹತ್ತಿರದ ಗಂಡು ಬಂಧುಗಳಲ್ಲಿ ಅದನ್ನು ಪರೀಕ್ಷಿಸಿ, ಅಪಾಯ ಹೆಚ್ಚಿದಷ್ಟೂ ಅಲೆ ಕುಗ್ಗುತ್ತದೆಂದು 1995ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ ಕಂಡದ್ದು ಇಲ್ಲೂ ನಿಂತಿತು. ಎಲ್ಲವೂ ಜನದಿಂದ ಜನಕ್ಕೆ ಬೇರೆಯಾಗಬೇಕಿಲ್ಲ. ಯಾವುದು ಒಂದೇ, ಯಾವುದು ಬೇರೆ ಎಂಬುದನ್ನು ಮಾಡಿ ನೋಡಿಯೇ ತಿಳಿಯಬೇಕು.

ಭಾರತದೊಳಗೇ ಎಷ್ಟು ಬಗೆಯ ಜನರಿದ್ದಾರೆಂಬುದು ಕೂಡ ಸಣ್ಣ ಸಂಗತಿಯಲ್ಲ. ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದ ಜಾತಿ, ಬುಡಕಟ್ಟುಗಳಲ್ಲಿ ಕೆಲವು ರೂಪಗಳು ಹೆಪ್ಪುಗಟ್ಟಿ ಉಳಿದಿರುತ್ತವೆ. 83 ಸಮುದಾಯಗಳ ಹತ್ತು ಸಾವಿರದಷ್ಟು ಜನರ ವಂಶವಾಹಿಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇಲ್ಲಿಯೂ ಒಂದು ಜಾತಿಯ ಹೆಸರಿನ ಪಕ್ಕದಲ್ಲಿ ಕುಡಿತದ ಅಂಕಿ ಅಚ್ಚಾದರೆ ಏನಾದೀತೆಂದು ಊಹಿಸಲು ಬ್ಯಾರೋದವರೆಗೆ ಹೋಗಬೇಕಾಗಿಲ್ಲ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ, ಬ್ರಿಟನ್ನಿನ ಸಂಶೋಧಕರ ಜೊತೆಗೂಡಿ, ಸಿ-ವೇದ ಎಂಬ ಇನ್ನೊಂದು ಅಧ್ಯಯನ 2016ರಲ್ಲಿ ಶುರುವಾಯಿತು. ಬೆಂಗಳೂರು, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ರಿಷಿವ್ಯಾಲಿ, ಇಂಫಾಲ, ಕೋಲ್ಕತ, ಚಂಡೀಗಢ ಇವು ಅದರ ಕೇಂದ್ರಗಳು. ಆರರಿಂದ ಇಪ್ಪತ್ಮೂರು ವರ್ಷದವರೆಗಿನ ಸುಮಾರು ಹತ್ತು ಸಾವಿರ ಮಂದಿಯನ್ನು ಗುರಿಯಾಗಿಟ್ಟುಕೊಂಡ ಈ ಅಧ್ಯಯನ ವಂಶವಾಹಿಯ ಜೊತೆಗೆ ಆಹಾರ, ಮನೆಯ ಕಷ್ಟ, ಗಾಳಿ ನೀರಿನ ಮಾಲಿನ್ಯವನ್ನೂ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸೇರಿದಾಗ ಆರೇಳು ವರ್ಷದವರಾಗಿದ್ದ ಮಕ್ಕಳು ಈಗ ಹದಿಹರೆಯದವರು, ಗೆಳೆಯರು ಮೊದಲ ಲೋಟವನ್ನು ಕೈಗಿಡುವ ವಯಸ್ಸಿನವರು.